ಮೂವತ್ತನಾಲ್ಕು ಹಲ್ಲು

ಜೇನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು ನಾನು.
ಲೆಕ್ಕದಿಂದಲೇ ಶುರು ಮಾಡುತ್ತೇನೆ:
ಫ್ರೀವೀಲ್ ಒಂದು, ಹಲ್ಲು ಮೂವತ್ತನಾಲ್ಕು,
ತೈವಾನಿನಲ್ಲಿ ಹುಟ್ಟಿ, ಇಂಗ್ಲೆಂಡಿನ ಯಾವುದೋ ಗೋದಾಮಿನಲ್ಲಿ ಮಲಗಿ,
ಸಾವಿರದ ನಾನೂರು.
ಸಾಗಣೆ ಪುಕ್ಕಟೆ ಎಂದಿದ್ದರು.
ಸುಂಕ ಐನೂರ ಎಂಬತ್ತು. ಅದನ್ನು ಹೇಳಿದ್ದು ಪೋಸ್ಟ್‌ಮ್ಯಾನ್,
ತಾನೇ ತಪ್ಪು ಮಾಡಿದವನ ಹಾಗೆ ಚೀಟಿ ಹಿಡಿದು.

ಮೊಯ್ದುವಿನ ಅಂಗಡಿಯಲ್ಲಿ ಇದ್ದದ್ದು ಇಪ್ಪತ್ತೆಂಟರದು.
"ಇದಕ್ಕಿಂತ ದೊಡ್ಡದು ಮೈಸೂರಿನವರು ಕಳಿಸಲ್ಲ ಚೋಂದಮ್ಮ,
ಅವರಿಗೆಲ್ಲಿ ಗೊತ್ತು ನಮ್ಮ ಏರು?"
ಬಿಟ್ಟಂಗಾಲದಿಂದ ವಿರಾಜಪೇಟೆಯ ಏರು
ನನ್ನ ಮಂಡಿಗೆ ಗೊತ್ತು, ಎಡದ್ದಕ್ಕೆ ಇನ್ನೂ ಚೆನ್ನಾಗಿ.
ಕೊನೇ ತಿರುವಿನಲ್ಲಿ ಇಳಿದು ತಳ್ಳುವಾಗ
ಜೀಪಿನಿಂದ ಯಾರಾದರೂ ತಲೆ ಹಾಕಿ ಕೇಳುತ್ತಾರೆ, ಪಂಚರಾ?
ಹೂಂ ಅನ್ನುತ್ತೇನೆ.
ಆರು ವರ್ಷದಿಂದ, ದಿನಾ ಪಂಚರು.

ಒಂದು ರಾತ್ರಿ ಫೋನಿನಲ್ಲಿ ಬೆರಳು ಒತ್ತಿದೆ.
ಅಲ್ಲಿ ಎಷ್ಟು ಹಲ್ಲು ಬೇಕೋ ಅಷ್ಟು.
ಅಂಗಡಿಯವನ ಮುಖ ಮಾತ್ರ ಇಲ್ಲ,
ಅದೇ ಸುಖ ಅನಿಸಿತು:
ಬೇಡ ಅಂದು ಹೊರಡುವಾಗ ಕಣ್ಣು ತಪ್ಪಿಸಬೇಕಿಲ್ಲ.

ಇಪ್ಪತ್ತಾರು ದಿನ.

ಪೊಟ್ಟಣದೊಳಗೆ ಹನ್ನೊಂದು ಭಾಷೆಯ ಸೂಚನೆ,
ಹಳೆಯದನ್ನು ಬಿಚ್ಚುವ ಸಲಕರಣೆಗೆ ಬೇರೆ ದುಡ್ಡು.
ಒಂದು ವಾರ ಮೇಜಿನ ಖಾನೆಯಲ್ಲಿ ಇಟ್ಟೆ.
ಗಡಿಯಾರ ಕಂಬದ ಹತ್ತಿರ ರಸ್ತೆಯ ಆಚೆ ಬದಿ ಹಿಡಿದು ಹೋದೆ.
ಶನಿವಾರ ಚೀಲದಲ್ಲಿ, ಕಿತ್ತಳೆಯ ಅಡಿಗೆ ಹಾಕಿಕೊಂಡು
ಅವನ ಮುಂದೆ ನಿಂತೆ.

ಮೊಯ್ದು ಏನೂ ಕೇಳಲಿಲ್ಲ.
ಅಂಗೈಯಲ್ಲಿ ತೂಗಿದ, ಕಿವಿಯ ಹತ್ತಿರ ತಿರುಗಿಸಿದ,
ಉಗುರಿನಲ್ಲಿ ಒಂದೊಂದೇ ಹಲ್ಲು ಎಣಿಸಿದ.
"ಮೂವತ್ತನಾಲ್ಕೇ. ಮೋಸ ಇಲ್ಲ."
ಜೀಪಿನ ಯಾವುದೋ ನಟ್ಟನ್ನು ಅರದಲ್ಲಿ ಉಜ್ಜಿ ತಾನೇ ಮಾಡಿಕೊಂಡ ಸ್ಪ್ಯಾನರು,
ಸ್ಪ್ಯಾನರಿಗೆ ಉದ್ದದ ಪೈಪು, ಪೈಪಿನ ಮೇಲೆ ಅವನು.
ಹಳೆಯದು ಕಳಚಿದಾಗ
ಅಂಗಡಿಯಿಡೀ ಒಮ್ಮೆ ಕೆಮ್ಮಿತು.

ಆಮೇಲೆ ಚೈನು ಸಾಲಲಿಲ್ಲ.
ದೊಡ್ಡ ಚಕ್ರಕ್ಕೆ ಉದ್ದ ಚೈನು ಬೇಕೆಂದು
ಹನ್ನೊಂದು ಭಾಷೆಯಲ್ಲೂ ಇರಲಿಲ್ಲವೋ ಏನೋ.
ಬಿಸ್ಕತ್ತಿನ ಡಬ್ಬಿ ಸುರಿದು, ಕೆದಕಿ, ಎರಡು ಕೊಂಡಿ ಹೆಕ್ಕಿದ.
ಯಾರದು, ಅಂದೆ.
"ಪೇಪರ್ ಹಾಕುತ್ತಿದ್ದ ಕುಂಞಪ್ಪು ಇದ್ದನಲ್ಲ.
ಚೈನು ಅವನಿಗಿಂತ ಗಟ್ಟಿ ಇತ್ತು."

ಕೂಲಿ ಮೂವತ್ತು. ಹಲ್ಲಿಗೆ ಒಂದು ರೂಪಾಯಿಯೂ ಬೀಳಲಿಲ್ಲ.
ನೂರರ ನೋಟು ಕೊಟ್ಟು ಚಿಲ್ಲರೆ ಇರಲಿ ಅಂದೆ.
ಎಪ್ಪತ್ತು ಎಣಿಸಿ ನನ್ನ ಸೀಟಿನ ಮೇಲೆ ಇಟ್ಟ.
ಆಗ, ಕೈ ಒರೆಸಿಕೊಳ್ಳುತ್ತ, ಬಟ್ಟೆಯನ್ನೇ ನೋಡುತ್ತ:
"ಆ ಫೋನಿನ ಅಂಗಡಿಯಲ್ಲಿ ಕಾಟರ್ ಪಿನ್ನು ಸಿಗ್ತದಾ?
ಒಂಬತ್ತೂವರೆ ಎಂಎಂ. ಮೈಸೂರಿನವರು ನಿಲ್ಲಿಸಿಬಿಟ್ಟರು.
ಹಳೇ ಸೈಕಲಿನವರು ನಾಲ್ಕು ಜನ ಉಳಿದಿದ್ದಾರೆ ನನಗೆ."

ಸಿಕ್ಕಿತು. ಹನ್ನೆರಡರ ಕಟ್ಟು.
ಸ್ಟೂಲಿನ ಮೇಲೆ ಕೂತು ವಿಳಾಸ ತುಂಬಿದೆ:
ಮೊಯ್ದು ಸೈಕಲ್ ಅಂಗಡಿ, ಗಡಿಯಾರ ಕಂಬದ ಕೆಳಗೆ, ವಿರಾಜಪೇಟೆ.
ಇಂಥ ವಿಳಾಸ ಸಿಗುತ್ತಿಲ್ಲ, ಅಂದಿತು ಫೋನು.
"ಮೂವತ್ತೆಂಟು ವರ್ಷದಿಂದ ಇಲ್ಲೇ ಇದ್ದೀನಲ್ಲ"
ಮೊಯ್ದು ಬಗ್ಗಿ ಅದಕ್ಕೇ ಹೇಳಿದ.
ಕೊನೆಗೆ ಸೊಸೈಟಿಯ ವಿಳಾಸ ಕೊಟ್ಟೆ.

ಸೋಮವಾರ ಕೊನೇ ತಿರುವಿನಲ್ಲಿ ಇಳಿಯಲಿಲ್ಲ.
ನಡೆಯುವವರಿಗಿಂತ ಚೂರು ಬೇಗ, ಅಷ್ಟೇ, ಆದರೂ ಕೂತೇ ಹತ್ತಿದೆ.
ಬಗ್ಗಿ ನೋಡಿದರೆ ಹೊಳೆಯುವ ಹಲ್ಲುಗಳ ಮೇಲೆ
ಉಳಿದವಕ್ಕಿಂತ ಕಪ್ಪಗಿನ ಎರಡು ಕೊಂಡಿ
ಹೋಗಿ, ಮತ್ತೆ ಬಂದವು.
ಮನೆಯ ಲೆಕ್ಕದ ಪುಸ್ತಕದಲ್ಲಿ ಕೊಂಡಿ ಎರಡು ಎಂದು ಬರೆದು
ಬೆಲೆಯ ಜಾಗ ಬಿಟ್ಟಿದ್ದೇನೆ.

ಕಾಟರ್ ಪಿನ್ನು ಇನ್ನೂ ಬಂದಿಲ್ಲ.
ಇವತ್ತಿಗೆ ಹತ್ತೊಂಬತ್ತು ದಿನ.
ಮೊಯ್ದು ಕೇಳುವುದಿಲ್ಲ.
ನಾನು ಬೆಲ್ಲು ಹೊಡೆದು ಹಾದುಹೋಗುವಾಗ
ತಲೆ ಎತ್ತಿ
ಕ್ಯಾರಿಯರ್ ನೋಡುತ್ತಾನೆ.