ಲಿಫ್ಟಿಗೆ ಹತ್ತು ತೇತ್ರಿ

ನಮ್ಮಲ್ಲಿ ಅಪ್ಪನಿಗೆ ಮಾಮಾ ಅಂತಾರೆ,
ಅಮ್ಮನಿಗೆ ದೇದಾ.
ಲೋಕದ ಕೂಸುಗಳೆಲ್ಲ
ಮೊದಲು ತೊದಲುವ ಆ ಮಕಾರ
ಟಿಬಿಲಿಸಿಯಲ್ಲಿ ಸೀದಾ ಗಂಡಸರ ಪಾಲು.

ತೆಕ್ಲೆ ಮೊದಲ ಮಾತಾಡಿದಾಗ
ನಾನು ಅವಳ ಕುಂಡೆ ತೊಳೆಯುತ್ತಿದ್ದೆ.
ಮಾಮಾ, ಅಂದಳು.
ಅವಳ ಮಾಮಾ ಆಗ
ಟ್ರಾಬ್ಜೋನಿನ ಆಚೆ ಎಲ್ಲೋ
ಲಾರಿ ತುಂಬ ಕಿತ್ತಳೆ ಹೇರಿಕೊಂಡು
ರಸ್ತೆ ಬದಿಗೆ ನಿದ್ದೆ ಹೊಡೆಯುತ್ತಿದ್ದ.
ಎಬ್ಬಿಸಿ ಫೋನಿನಲ್ಲಿ ಹೇಳಿದೆ.
ಅತ್ತ.
ನಾನೂ ಅತ್ತೆ, ಕಾರಣ ಬೇರೆ.

*

ನಮ್ಮದು ಒಂಬತ್ತನೇ ಮಹಡಿ.
ಲಿಫ್ಟಿನ ಡಬ್ಬಿಗೆ ಹತ್ತು ತೇತ್ರಿ ಹಾಕದಿದ್ದರೆ
ಬಾಗಿಲು ಮುಚ್ಚುತ್ತದೆ, ಅಷ್ಟೇ.
ಚಿಲ್ಲರೆ ಇಲ್ಲದ ದಿನ
ಒಂದು ಕಂಕುಳಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಮಗು.
ಐದನೇ ಮಹಡಿಯ ಹೊತ್ತಿಗೆ
ಯಾವುದು ಯಾವ ಕಡೆ ಅನ್ನುವುದೇ ಮರೆತಿರುತ್ತದೆ.

*

ಯಾರು ಶುರುಮಾಡಿದರೋ ಈ ಪದ್ಧತಿ:
ತಾಯಿ ಮಗುವನ್ನು ಕರೆಯುವುದೂ ದೇದಾ ಎಂದೇ.
ಅಜ್ಜಿ ಮೊಮ್ಮಗಳನ್ನು ಬೇಬೋ, ಅಂದರೆ ಅಜ್ಜಿ.
ಕರೆದವಳ ಹೆಸರೇ ಕರೆಸಿಕೊಂಡವಳಿಗೆ.
ದೇದಾ, ಟೋಪಿ ಹಾಕಿಕೋ.
ದೇದಾ, ಅದು ತಿನ್ನೋದಲ್ಲ, ಬೀಗದ ಕೈ.
ದಿನಕ್ಕೆ ನೂರು ಸಲ
ನನ್ನ ಪದವಿಯನ್ನು ನಾನೇ ಬಿಚ್ಚಿ
ಅವಳಿಗೆ ತೊಡಿಸುತ್ತೇನೆ.
ದೊಗಳೆ. ತೋಳು ಮಡಚಬೇಕು.

*

ನಮ್ಮಮ್ಮ ತ್ಸಿಯಾಲಾ ಬೈಯುವಾಗಲೂ ಕೊನೆಗೆ
ಗೆನಾತ್ಸ್ವಾಲೆ ಅನ್ನದೆ ಬಿಟ್ಟವಳಲ್ಲ.
ನಿನ್ನ ಬದಲು ನಾನು, ಎಂದದರ ಅರ್ಥ;
ನಿನಗೆ ಬರುವುದು ನನಗೆ ಬರಲಿ.
ತರಕಾರಿಯವನೂ ಅನ್ನುತ್ತಾನೆ,
ಕೊತ್ತಂಬರಿ ಕಟ್ಟಿನ ದುಡ್ಡು ಎಣಿಸುತ್ತ.
ಸವೆದ ಮಾತು ಅಂದುಕೊಂಡಿದ್ದೆ.

ಹಗಲೆಲ್ಲ ಔಷಧಿ ಅಂಗಡಿಯಲ್ಲಿ ನಿಂತು
ಜ್ವರದ ಸಿರಪ್ಪು ಮಾರುವವಳು ನಾನು,
ಎಷ್ಟು ಚಮಚ, ಎಷ್ಟು ಹೊತ್ತಿಗೊಮ್ಮೆ, ಬಾಯಿಪಾಠ.
ತೆಕ್ಲೆಗೆ ಮೂವತ್ತೊಂಬತ್ತೂವರೆ ಮುಟ್ಟಿದ ರಾತ್ರಿ
ಎಲ್ಲ ಅಳಿಸಿಹೋಗಿ ಉಳಿದದ್ದು ಅದೊಂದೇ ಮಾತು.
ಮಾತಲ್ಲ, ಅರ್ಜಿ.
ಸಹಿ ಹಾಕಲು ಜಾಗ ಎಲ್ಲಿ ಎಂದು
ಗೋಡೆ ಗೋಡೆ ನೋಡುತ್ತಿದ್ದೆ.

*

ಕೆಲವು ದಿನ ಹೇಳಲು ಏನೂ ಇರುವುದಿಲ್ಲ.
ಕಾಲುಚೀಲ ಜೋಡಿಸುತ್ತೇನೆ.
ಒಂದು ಉಳಿಯುತ್ತದೆ.

*

ಮಾಮಾ ಯಾವಾಗ ಬರ್ತಾನೆ?
ನಾಡಿದ್ದು.
ನಾಳೆ ಅಂದರೆ ನಂಬುವುದಿಲ್ಲ ಅವಳು,
ಮುಂದಿನ ವಾರ ಅಂದರೆ ರಂಪ.
ನಾಡಿದ್ದು ಸರಿಯಾದ ಅಳತೆ:
ಸುಳ್ಳಿಗೆ ಬೇಕಾದಷ್ಟು ದೂರ,
ಕಾಯುವುದಕ್ಕೆ ಸಾಕಾಗುವಷ್ಟು ಹತ್ತಿರ.
ಮೂರು ವರ್ಷದವಳಿಗೆ ಈಗ
ವಾರದಲ್ಲಿ ಏಳು ನಾಡಿದ್ದು.

*

ಇವತ್ತು ಸಂಜೆ ಮತ್ತೆ ಚಿಲ್ಲರೆ ಇಲ್ಲ.
ಚೀಲ ತಡಕಿದೆ, ಜೇಬು ತಡಕಿದೆ,
ಕೋಟಿನ ಹರಿದ ಅಸ್ತರಿಯೊಳಗೂ ಕೈಯಾಡಿಸಿದೆ.
ತೆಕ್ಲೆ ನೆಲದಲ್ಲಿ ಕೂತು ಬೂಟು ಬಿಚ್ಚಿದಳು.
ಒಳಗಿಂದ ಒಂದು ನಾಣ್ಯ, ಬೆಚ್ಚಗೆ.
ಎಂದಿನಿಂದ ಅದರ ಮೇಲೆ ನಡೆಯುತ್ತಿದ್ದಳೋ.

ಎತ್ತಿ ಹಿಡಿದೆ. ಡಬ್ಬಿಗೆ ಹಾಕಿದಳು.
ದೇದಾ, ಬೆರಳು ಒಳಗೆ ತಗೋ,
ಬಾಗಿಲು ಮುಚ್ಚುತ್ತೆ, ಅಂದಳು
ಥೇಟು ನನ್ನದೇ ರಾಗದಲ್ಲಿ.

ತಾಯಿ ಎಂದು ಕರೆದಳೋ, ಮಗಳೇ ಎಂದೋ,
ಕೇಳಲಿಲ್ಲ.
ಬೆರಳು ಒಳಗೆ ತೆಗೆದುಕೊಂಡೆ.

ಏಳನೆಯದರಲ್ಲಿ ಮುದುಕ ಒತಿಯಾ
ನಾಯಿ ಸಮೇತ ಹತ್ತಿದ. ಪುಕ್ಕಟೆ.
ತೆಕ್ಲೆ ದುರುಗುಟ್ಟಿ ನೋಡಿದಳು,
ನಾಯಿಯನ್ನಲ್ಲ.