ಅನುಮತಿ ಕೊಟ್ಟವರು

ಬೆಳಗಿನ ಐದಕ್ಕೇ ಬಂದು ಕುರ್ಚಿ ಹಾಕಿದ್ದೇನೆ.
ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಗಿಡ್ಡ,
ಅದರಡಿ ಹೊಳೆಯಿಂದ ತಂದ ಚಪ್ಪಟೆ ಕಲ್ಲು.
ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು:
ಬೆನ್ನಿಗೆ ಪ್ರಾಂತ್ಯ ಸರ್ಕಾರದ ಮುದ್ರೆ,
ಎದೆಗೆ ನಮ್ಮ ಪಂಗಡದ ಸಾಲ್ಮನ್ ಮೀನು.
ಯಾರು ಯಾರನ್ನು ಹೊತ್ತಿದ್ದಾರೋ
ಮೂರು ವರ್ಷವಾದರೂ ನನಗೆ ಬಗೆಹರಿದಿಲ್ಲ.

ನಲವತ್ತು ದಿನ ಸರೋವರದ ದಾರಿ ಬಂದ್.
ಬೋರ್ಡು ಎರಡು ಭಾಷೆಯಲ್ಲಿದೆ.
ಮೇಲಿನದನ್ನು ಎಲ್ಲರೂ ಓದುತ್ತಾರೆ, ನಂಬುವುದಿಲ್ಲ.
ಕೆಳಗಿನದನ್ನು ಓದಬಲ್ಲವರು ಊರಿಗೆಲ್ಲ ಹನ್ನೊಂದು ಜನ,
ಅವರಲ್ಲಿ ಒಂಬತ್ತು ಮಂದಿ ಈಗ ಗುಡ್ಡದ ಮೇಲೆ,
ಸೊಂಟಕ್ಕೆ ಬುಟ್ಟಿ ಕಟ್ಟಿ ಹಕಲ್‌ಬೆರಿ ಪೊದೆಗಳ ನಡುವೆ.

ವ್ಯಾಂಕೂವರಿನ ಕಾರುಗಳು ಒಂದರ ಹಿಂದೊಂದು.
"ಇದು ಎಲ್ಲರ ಜಾಗ ಅಲ್ಲವೇನ್ರೀ?"
"ತೆರಿಗೆ ಕಟ್ಟುತ್ತೇವೆ."
"ಎರಡೇ ಫೋಟೋ, ಹೋದ ಹಾಗೆ ಬಂದುಬಿಡುತ್ತೇವೆ."
ಹೋಟೆಲಿನಲ್ಲಿ ಎರಡು ದಿನ ತರಬೇತಿ ಕೊಟ್ಟಿದ್ದಾರೆ:
ನಗಬೇಕು, ವಾದಿಸಬಾರದು, ಕರಪತ್ರ ಕೊಡಬೇಕು.
ನಗುತ್ತೇನೆ. ಕೊಡುತ್ತೇನೆ.

ಹೇಳದೆ ಉಳಿಸಿಕೊಂಡದ್ದು ಇದು:
ನನ್ನಜ್ಜಿ ಹುಟ್ಟಿದ್ದು ಆ ನೀರಿನ ದಂಡೆಯಲ್ಲಿ.
ಎಪ್ಪತ್ತನೆಯ ವಯಸ್ಸಿಗೆ ಅಲ್ಲೇ ಒಂದು ರಾತ್ರಿ ಡೇರೆ ಹಾಕಲು
ಕಿಟಕಿಯೆದುರು ಸಾಲಿನಲ್ಲಿ ನಿಂತಳು.
ಹದಿನೆಂಟು ಡಾಲರು. ಕಟ್ಟಿಗೆಗೆ ಬೇರೆ.
ಆ ಚೀಟಿ ಸಾಯುವ ತನಕ ಬೈಬಲಿನ ನಡುವೆ ಇತ್ತು.
"ಬಾಡಿಗೆ ಕೊಟ್ಟು ಮಲಗಿದೆ" ಅನ್ನುತ್ತಿದ್ದಳು,
"ನಿದ್ದೆ ಮಾತ್ರ ಅವರ ಹತ್ತಿರ ಸ್ಟಾಕ್ ಇರಲಿಲ್ಲ."

ಸರ್ಕಾರದ ಪತ್ರವೂ ನನ್ನ ಚೀಲದಲ್ಲಿದೆ.
ನೆರವು ಎಂಬ ಮಾತು ಅದರಲ್ಲಿ ಹದಿನಾಲ್ಕು ಸಲ,
ಹಕ್ಕು ಒಂದೇ ಒಂದು ಸಲ, ಅದೂ ಅಡಿಟಿಪ್ಪಣಿಯಲ್ಲಿ,
ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು.
ನಲವತ್ತನ್ನು ಇಪ್ಪತ್ತೊಂದಕ್ಕೆ ಇಳಿಸಿದರೆ
ಮಾರ್ಚ್ ನಂತರವೂ ನೆರವು ಮುಂದುವರಿಯಬಹುದಂತೆ.
ಸುಳ್ಳು ಯಾಕೆ, ನನ್ನ ಟ್ರಕ್ಕಿನ ಕಂತು ಹೋಗುವುದು ಆ ದುಡ್ಡಿನಿಂದಲೇ.
ಉಪ್ಪಿನ ಋಣ ಅಂತೀರಾ?
ಆ ಲೆಕ್ಕ ತೆಗೆದರೆ
ನಮ್ಮ ದೇವದಾರು ಹೊತ್ತು ಇಳಿದ ಮೊದಲನೆಯ ಲಾರಿಯಿಂದ
ಶುರು ಮಾಡಬೇಕಾಗುತ್ತದೆ.

"ಎಂದೆಂದಿಗೂ ಮುಚ್ಚಿಬಿಡು" ಅನ್ನುತ್ತಾನೆ ಸೋದರತ್ತೆಯ ಮಗ ಕ್ಲೆಟಸ್.
ಸೆರಫೀನ್ ಚಿಕ್ಕಮ್ಮ ಒಪ್ಪುವುದಿಲ್ಲ:
"ಮನೆ ಗುಡಿಸುವಾಗ ನೆಂಟರನ್ನು ಜಗಲಿಯಲ್ಲಿ ಕೂರಿಸುತ್ತೇವೆ,
ಅಟ್ಟಿಬಿಡುತ್ತೇವೆಯೇ?"
ಇಬ್ಬರ ಮಾತೂ ನನಗೆ ಸರಿಯೆನ್ನಿಸುತ್ತದೆ,
ಮಧ್ಯಾಹ್ನದ ಮೇಲೆ ಕ್ಲೆಟಸ್‌ನದು ಸ್ವಲ್ಪ ಹೆಚ್ಚು.

ಹನ್ನೊಂದು ಗಂಟೆಗೆ ಒಂದು ಹುಡುಗಿ,
ಆರು ವರ್ಷವಿರಬಹುದು, ಮೊಣಕಾಲು ಜೋಡಿಸಿಕೊಂಡು ನಿಂತಿದ್ದಾಳೆ.
ತಾಯಿಯ ಮುಖ ಕೆಂಪು. ಶೌಚಾಲಯ ಗೇಟಿನ ಆಚೆ,
ಇಲಾಖೆ ಕಟ್ಟಿದ್ದು, ನೂರು ಹೆಜ್ಜೆ.
ಸಚಿವಾಲಯಕ್ಕೆ ಫೋನು ಮಾಡಬೇಕಿತ್ತು, ನಿಯಮದಂತೆ.
ರೇಡಿಯೋ ಎತ್ತಿ ಚಿಕ್ಕಮ್ಮನನ್ನು ಕೇಳಿದೆ.
ಒಂದಿಷ್ಟು ಗೊರಗೊರ, ಎಲೆಗಳ ಸದ್ದು, ಆಮೇಲೆ ನಗು:
"ಕೇಳುವುದೇನು ಬಂತು, ಬಿಡೇ ಹುಚ್ಚಿ!"

ಸರಪಳಿ ಎತ್ತಿದೆ. ಓಡಿತು ಕೂಸು.
ಬರುವಾಗ ಓಡಲಿಲ್ಲ, ಬಾಯಿ ಮುಚ್ಚಿಕೊಂಡು ಬಂತು.
"ನಾಲಿಗೆ ತೋರಿಸು" ಅಂದಳು ತಾಯಿ.
ನೇರಳೆ. ಗಂಟಲಿನವರೆಗೂ ನೇರಳೆ.
"ಯಾರೋ ಒಬ್ಬ ಅಜ್ಜಿ ಕೊಟ್ಟಳು" ಅಂತು,
"ತೊಗೊಳ್ಳಲಾ ಅಂತ ಮೊದಲು ಕೇಳಿದೆ."

ಆ ಕಾರು ತಿರುಗಿ ಹೋಯಿತು, ಹಾರ್ನ್ ಮಾಡದೆ.

ಸಂಜೆ ನಮೂನೆ ತುಂಬಬೇಕು.
ಒಳಹೋದವರು: ಒಬ್ಬರು.
ಕಾರಣ: ಮೂತ್ರ, ಮತ್ತು ಹಣ್ಣು.
ಅನುಮತಿ ಕೊಟ್ಟವರು ಎಂಬಲ್ಲಿ ಎರಡೇ ಚೌಕ,
ಇಲಾಖೆಗೊಂದು, ಸಚಿವಾಲಯಕ್ಕೊಂದು.
ಪಕ್ಕದಲ್ಲಿ ಮೂರನೆಯದನ್ನು ನಾನೇ ಎಳೆದೆ, ಸೊಟ್ಟಗೆ,
ನಾವು ಎಂದು ಬರೆದೆ.
ಚಳಿಗೆ ಪೆನ್ನು ಕೈಕೊಟ್ಟಿತು,
ಎರಡು ಸಲ ತೀಡಬೇಕಾಯಿತು.