ಪೆಟ್ಟಿಗೆ ಹದಿನೇಳು

ಮೊದಲು ಪಿನ್ನು ತೆಗೆಯಬೇಕು.
ಎಂಬತ್ತು ವರ್ಷದ ತುಕ್ಕು ಕಾಗದದೊಳಕ್ಕೆ ಬೇರು ಬಿಟ್ಟಿದೆ;
ಅವಸರ ಮಾಡಿದರೆ ಪುಟ ಕಿತ್ತುಬರುತ್ತದೆ, ಪಿನ್ನು ಉಳಿಯುತ್ತದೆ.
ಡುಲೂತಿನ ಈ ಗ್ರಂಥಾಲಯದ ಮೂರನೇ ಮಹಡಿಯಲ್ಲಿ
ನನಗೆ ಸಂಬಳ ಬರುವುದು ಇದಕ್ಕೇ.

ಪತ್ರಿಕೆಯ ಹೆಸರು 'ಶನಿಯ ಅಂಚೆ'.
ಸಂಪಾದಕ, ಚಿತ್ರಕಾರ, ಅಂಚೆಚೀಟಿ ನೆಕ್ಕುವವ
ಎಲ್ಲಾ ಒಬ್ಬನೇ: ತೌನೋ ಕೊಸ್ಕೆಲ, ವಯಸ್ಸು ಹದಿನೈದು.
ಅಮ್ಮನ ಬ್ರೆಡ್ಡಿನ ತಟ್ಟೆಗೆ
ಜೆಲಟಿನ್ ಕಾಯಿಸಿ ಹೊಯ್ದು, ಹೆಪ್ಪುಗಟ್ಟುವ ತನಕ ಕಾದು,
ನೇರಳೆ ಶಾಯಿಯ ಮೂಲಪ್ರತಿ ಅದರ ಮೇಲೆ ಕವುಚಿ
ಒಂದೊಂದೇ ಹಾಳೆ ಒತ್ತಿ ಎಬ್ಬಿಸಿದ.
ಮೊದಲನೆಯದು ಕಡುನೇರಳೆ. ಇಪ್ಪತ್ತನೆಯದು ಮಬ್ಬು.
ನಲವತ್ತರ ಹೊತ್ತಿಗೆ
ರಾಕೆಟ್ಟು ಇದೆಯೆಂದು ನಂಬಿ ನೋಡಬೇಕು.
ನಮ್ಮಲ್ಲಿರುವುದು ನಲವತ್ತೊಂದನೆಯದು.

ಬಂದರಿನಲ್ಲಿ ಅದಿರು ತುಂಬುವ ಅಪ್ಪನ ಕೈ ಕೆಂಪು,
ಮಗನ ಕೈ ನೇರಳೆ.
ರಾತ್ರಿ ಒಬ್ಬರ ಕೈ ಒಬ್ಬರು ನೋಡುತ್ತ
ಮಾತಿಲ್ಲದೆ ಉಂಡಿರಬೇಕು.
(ಇದು ಕಡತದಲ್ಲಿಲ್ಲ, ನಾನು ಸೇರಿಸಿದ್ದು.)
ಕಡತದಲ್ಲಿರುವುದು ಇಷ್ಟು: ಚಂದ್ರನ ಮೇಲೆ ಇಳಿಯುವ ಪುಟದ ಮೂಲೆಗೆ
ಇಟ್ಟಿಗೆ ಬಣ್ಣದ ಒಂದು ಹೆಬ್ಬೆಟ್ಟು,
ಹುಡುಗನದ್ದಾಗಲು ತೀರ ದೊಡ್ಡದು.

ಓದುಗರ ಪತ್ರಗಳಲ್ಲಂತೂ ಜಗಳವೋ ಜಗಳ.
ಮೊಂಟಾನಾದ ಬ್ಯೂಟ್‌ನಿಂದ ಎಚ್. ವ್ರಾನಿಶ್:
"ಗಾಳಿಯೇ ಇಲ್ಲದ ಕಡೆ ಪ್ಯಾರಾಚೂಟ್ ಬಿಚ್ಚಿದ್ದೀರಿ.
ನಿಮ್ಮ ತಲೆಯೊಳಗೂ ಗಾಳಿಯಿಲ್ಲವೇನು?"
ಸಂಪಾದಕ: "ಮಹನೀಯರೇ, ಅದು ಪ್ಯಾರಾಚೂಟ್ ಅಲ್ಲ. ಧ್ವಜ."
ಮುಂದಿನ ಸಂಚಿಕೆ: "ಮಹನೀಯ ಅಲ್ಲ. ಹರ್ಮೀನಾ.
ಹದಿನಾಲ್ಕು ವರ್ಷ. ಆದರೂ ಅದು ಪ್ಯಾರಾಚೂಟೇ."
ಹೀಗೇ ನಾಲ್ಕು ಸಂಚಿಕೆ. ಒಬ್ಬರೂ ಸೋಲಲಿಲ್ಲ.

ಏಳನೆಯದರ ಕೊನೆಯಲ್ಲಿ ಹಡಗಿನ ಬಾಗಿಲು ತೆರೆದಿದೆ,
ನಾಯಕನ ಒಂದು ಕಾಲು ಹೊರಗೆ.
ಕೆಳಗೆ, ಗೀಟೆಳೆದು: ಮುಂದುವರಿಯುವುದು.
ಇಸವಿ ನಲವತ್ತೆರಡು.
ಆ ವರ್ಷ ಅವನಿಗೆ ಹದಿನೆಂಟು ತುಂಬಿತ್ತು.

ಪೆಟ್ಟಿಗೆ ಕೊಟ್ಟವಳು ತಂಗಿ. ತಳದಲ್ಲಿ ಒಂದು ಕಾರ್ಡು,
ಅಂಟುಪಟ್ಟಿಯ ಕೆಳಗೆ ಕಪ್ಪಿಟ್ಟ ಹತ್ತು ಸೆಂಟಿನ ನಾಣ್ಯ:
"ಎಂಟನೆಯದಕ್ಕೆ. ಬೇಗ ಕಳಿಸು.
ಧ್ವಜವೇ ಇರಲಿ, ಹೋಗಲಿ. ಹ."

ನಿಯಮದ ಪ್ರಕಾರ ಲೋಹ ಕಾಗದಕ್ಕೆ ಕೇಡು, ಬೇರ್ಪಡಿಸಬೇಕು.
ಚಿಮಟ ಹಿಡಿದು ಸುಮಾರು ಹೊತ್ತು ಕೂತಿದ್ದೆ.
ಶ್ರೀಮತಿ ಟೋರ್ವಿಕ್ ಬಂದರು, ಕನ್ನಡಕ ಏರಿಸಿ ಓದಿದರು,
"ಇದು ಅವಳ ದುಡ್ಡು" ಅಂದರು,
"ಸರಕು ಇನ್ನೂ ತಲುಪಿಲ್ಲ ನೋಡು."
ಆಮೇಲೆ ಕಾಫಿ ತರಲು ಹೋದರು.

ನೇರಳೆ ಶಾಯಿ ಬೆಳಕು ತಾಳುವುದಿಲ್ಲ;
ನಾನು ಓದಿದಷ್ಟು ಹೊತ್ತೂ ರಾಕೆಟ್ಟು ಸವೆದಿದೆ.
ಮುಚ್ಚಳ ಹಾಕಿದೆ. ನಾಣ್ಯ ಒಳಗೇ.
ಸರೋವರದಲ್ಲಿ ಅದಿರಿನ ಹಡಗೊಂದು ಕೂಗಿ
ಸೇತುವೆ ಎತ್ತಿಸಿಕೊಂಡು ಹೊರಟಿತು.
ಹದಿನೆಂಟನೇ ಪೆಟ್ಟಿಗೆ ಬರೀ ಕಾಮಿಕ್ಸಂತೆ.
ಅದರಲ್ಲೂ ಪಿನ್ನು.